ಇಪ್ಪತ್ತೊಂದು ಪಾದದ ಮನೆ

ದಿಮ್ಮಿಗಳ ಮನೆ ಕಟ್ಟಿಸುತ್ತೇನೆ ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ನಾನು ಹಿಂದೂಪುರದ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದೆ. ಕೂರಲು ಬೇರೆ ಜಾಗ ಇರಲಿಲ್ಲ. ಹಾಲಿನಲ್ಲಿ ಯಜಮಾನರು ಟಿವಿ ಹಾಕಿಕೊಂಡಿದ್ದರು, ಅಡುಗೆಮನೆ ದೊಡ್ಡ ಸೊಸೆಯ ವಶದಲ್ಲಿತ್ತು, ನಾನು ಮಲಗುವ ಕೋಣೆಯಲ್ಲಿ ಮೊಮ್ಮಗಳಿಗೆ ಟ್ಯೂಷನ್ ನಡೆಯುತ್ತಿತ್ತು. ಮೇಲಿನ ಅಂತಸ್ತು ಚಿಕ್ಕ ಮಗನ ಸಂಸಾರಕ್ಕೆ, ಅದರ ಮೇಲಿನದು ಬಾಡಿಗೆಯವರಿಗೆ. ಒಂಬತ್ತು ಕೋಣೆಗಳ ಮನೆಯ ಒಡತಿ ಎಂದು ಬೀದಿಯವರು ನನ್ನನ್ನು ಗೌರವದಿಂದ ಮಾತನಾಡಿಸುತ್ತಾರೆ. ಮೆಟ್ಟಿಲ ಮೇಲೆ ಕೂತವಳನ್ನು ಅವರು ನೋಡಿಲ್ಲ.

"ಸಿಮೆಂಟು ಬ್ಯಾಡ ಕಣೆ," ಎಂದಳು ಅಕ್ಕ. "ಬ್ಯಾಸಗೇಲಿ ಕಾದ ಹೆಂಚಿನ ಮೇಲೆ ಮಲಗ್ದಂಗಾಯ್ತದೆ. ಪಕ್ಕದ ಹೊಲದೋರು ನೀಲಗಿರಿ ಕಡೀತಾವ್ರೆ. ಆ ದಿಮ್ಮಿನೇ ಒಂದರ ಮೇಲೊಂದು ಪೇರಿಸಿ ಗೋಡೆ ಮಾಡಿಸ್ತೀನಿ. ಬಾಡಿಗೆ ಮನೆ ಬಿಟ್ಟು ಅಲ್ಲೇ ಇದ್ಬುಡ್ತೀನಿ."

"ಎಷ್ಟು ದೊಡ್ಡದು?" ಎಂದೆ.

"ಎಷ್ಟು ಚಿಕ್ಕದು ಅಂತ ಕೇಳು. ಅದನ್ನೇ ನೋಡ್ತಾ ಇವ್ನಿ."

ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಕಲ್ಯಾಣದುರ್ಗದ ಸುತ್ತಲಿನ ಹಳ್ಳಿಗಳಲ್ಲಿ ಮಕ್ಕಳಿಗೆ ಸೂಜಿ ಚುಚ್ಚುತ್ತಾ ತಿರುಗಿ ನಿವೃತ್ತಳಾದ ನರ್ಸು. ಮದುವೆಯಾಗಲಿಲ್ಲ. ನೆಂಟರೆಲ್ಲ ಅವಳ ಮಾತು ಬಂದಾಗ "ಅಯ್ಯೋ ಪಾಪ" ಎನ್ನುತ್ತಿದ್ದರು, ಅವರ ಜೊತೆಗೆ ನಾನೂ ಅನ್ನುತ್ತಿದ್ದೆ. ಹಾಗೆ ಅನ್ನುವುದರಲ್ಲಿ ಒಂದು ಸುಖವಿತ್ತು, ಸುಳ್ಳು ಯಾಕೆ ಹೇಳಲಿ. ಅಂಥವಳು ಈಗ ಕುಂದುರ್ಪಿ ದಾರಿಯಲ್ಲಿ, ಅಪ್ಪನ ಹೊಲದ ತನ್ನ ಪಾಲಿನಲ್ಲಿ, ತನಗೊಬ್ಬಳಿಗೇ ಒಂದು ಮನೆ ಅನ್ನುತ್ತಿದ್ದಾಳೆ. ಬೇಕಾದಾಗ ಬಾಗಿಲು ಹಾಕಿಕೊಳ್ಳುತ್ತಾಳೆ, ಬೇಕಾದಾಗ ತೆಗೆಯುತ್ತಾಳೆ. ಫೋನು ಇಟ್ಟ ಮೇಲೆ ನನ್ನ ಹೊಟ್ಟೆಯೊಳಗೆ ಉರಿ ಎದ್ದಿತು. ಇದಕ್ಕೆ ಇದಕ್ಕಿಂತ ಒಳ್ಳೆಯ ಮಾತು ನನಗೆ ಗೊತ್ತಿಲ್ಲ.

ಹದಿನೈದು ದಿನ ಬಿಟ್ಟು ಅವಳನ್ನು ನೋಡಲು ಕಲ್ಯಾಣದುರ್ಗಕ್ಕೆ ಹೋದೆ. ನೋಡಲು ಎನ್ನುವುದು ನೆಪ. ಏನಾದರೂ ಹುಳುಕು ಸಿಕ್ಕೀತೆಂದು ಹೋದೆ. ಬಸ್ಸು ಸೋಮಂದೇಪಲ್ಲಿ ದಾಟುವಷ್ಟರಲ್ಲಿ ನಾಲ್ಕು ಹುಳುಕು ನಾನೇ ಹುಡುಕಿಟ್ಟುಕೊಂಡಿದ್ದೆ: ಗೆದ್ದಲು, ಹಾವು, ಕಳ್ಳರು, ಬೆಂಕಿ.

ಅವಳ ಬಾಡಿಗೆ ಮನೆಯ ಬಾಗಿಲು ತೆಗೆದಿತ್ತು. ನಡುಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಎಳೆದಿತ್ತು. ಅದರೊಳಗೆ ಮಂಚ, ಗ್ಯಾಸ್ ಒಲೆ, ಎರಡು ಕೊಡ, ಒಂದು ಟ್ರಂಕು. ಮಧ್ಯದಲ್ಲಿ ಅಕ್ಕ ಕೂತು ಸೊಪ್ಪು ಬಿಡಿಸುತ್ತಿದ್ದಳು. ಮಿಕ್ಕ ಎರಡು ಕೋಣೆ ಖಾಲಿ ಬಿದ್ದಿದ್ದವು.

"ಈ ಗೆರೆಯೊಳಗೆ ಒಂದು ತಿಂಗಳು ಇರ್ತೀನಿ," ಎಂದಳು. "ಗೆರೆಯಾಚೆ ಇರೋದ್ರಲ್ಲಿ ಯಾವುದಕ್ಕೆ ಕೈ ಚಾಚಲಿಲ್ವೋ ಅದು ಬ್ಯಾಡ ಅಂತ. ವಾರಕ್ಕೊಂದು ಸಲ ಗೆರೆ ಅಳಿಸಿ ಇನ್ನೊಂಚೂರು ಒಳಕ್ಕೆ ಎಳೀತೀನಿ."

ಗೋಡೆ ಪಕ್ಕದ ಬೀರು, ದೊಡ್ಡ ಹಂಡೆ, ನಾನು ಕೊಟ್ಟ ಗಾಜಿನ ಲೋಟಗಳು ಎಲ್ಲವೂ ಗೆರೆಯಾಚೆ ಇದ್ದವು. ಆ ಲೋಟಗಳನ್ನು ನೋಡಿ ಸಿಟ್ಟು ಬಂತು. ಬೇಕೆಂದೇ ಚಪ್ಪಲಿ ಕಾಲಲ್ಲಿ ಗೆರೆಯ ಮೇಲೆ ನಿಂತೆ. ಅವಳು ಬಟ್ಟೆ ತುಂಡಿನಲ್ಲಿ ಒರೆಸಿ ಮತ್ತೆ ಎಳೆದಳು.

ಊರಿಗೆ ಬಂದು ನಾನೂ ಒಂದು ಗೆರೆ ಎಳೆದೆ. ಯಾರಿಗೂ ಹೇಳಲಿಲ್ಲ. ಎಲ್ಲರೂ ಹೊರಗೆ ಹೋದ ಹೊತ್ತು ನೋಡಿ, ಹಾಲಿನ ಮೂಲೆಯಲ್ಲಿ ನನ್ನ ಚಾಪೆ, ದಿಂಬು, ಮಾತ್ರೆ ಡಬ್ಬಿ ಹಿಡಿಸುವಷ್ಟು ಚೌಕ ಮಾಡಿ ಅದರೊಳಗೆ ಕೂತೆ. ಕೂತ ಹತ್ತು ನಿಮಿಷಕ್ಕೆ ಕೆಲಸದವಳು ಬಂದು, "ಪಾಪು ಗೀಚೈತೆ, ಏಳಮ್ಮ," ಎಂದು ನನ್ನನ್ನು ಎಬ್ಬಿಸಿ ಒದ್ದೆ ಬಟ್ಟೆ ಎಳೆದಳು. ನಾನು ಗೀಚಿದ್ದು ಎಂದು ಹೇಳಲು ನಾಚಿಕೆಯಾಗಿ ಮೊಮ್ಮಗಳ ಮೇಲೆ ಹಾಕಿದೆ. ಸಂಜೆ ಆ ಮಗು ಬೈಸಿಕೊಂಡಿತು.

ಅಕ್ಕನ ಮನೆಗೆ ಪಾದ ಇಡುವ ದಿನ ಬಂತು. ನಮ್ಮ ಕಡೆ ಮನೆಯ ಉದ್ದಗಲ ಟೇಪಿನಲ್ಲಿ ಗೊತ್ತುಮಾಡುವುದಿಲ್ಲ. ಆಯ, ಎಂದರೆ ಅಳತೆಯ ಒಳಿತು ಕೆಡುಕು, ನೋಡುವ ಹಿರಿಯರು ಉದ್ದಕ್ಕೆ ಇಷ್ಟು ಪಾದ, ಅಗಲಕ್ಕೆ ಇಷ್ಟು ಪಾದ ಎಂದು ಎಣಿಕೆ ಹೇಳುತ್ತಾರೆ. ಆ ಮನೆಯಲ್ಲಿ ಒಲೆ ಹಚ್ಚುವ ಹೆಂಗಸು ಬರಿಗಾಲಲ್ಲಿ, ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸುತ್ತಾ ಅಷ್ಟು ಹೆಜ್ಜೆ ನಡೆಯಬೇಕು. ಅವಳು ನಿಂತಲ್ಲಿಗೆ ಗೋಡೆ. ಟೇಪು ಬರುವುದು ಆಮೇಲೆ, ಬಡಗಿಯ ಲೆಕ್ಕಕ್ಕೆ. ಹಿಂದೂಪುರದ ನಮ್ಮ ಮನೆಗೆ ಪಾದ ಇಟ್ಟವರು ನಮ್ಮತ್ತೆ. ಆದ್ದರಿಂದ ಅದು ಇವತ್ತಿಗೂ ಅವರ ಅಳತೆಯ ಮನೆ.

ಹೊಲದಲ್ಲಿ ನೀಲಗಿರಿ ದಿಮ್ಮಿಗಳು ಸಿಪ್ಪೆ ಸುಲಿಸಿಕೊಂಡು ರಾಶಿ ಬಿದ್ದಿದ್ದವು. ಗೆದ್ದಲಿಗೆಂದು ಗ್ಯಾರೇಜಿನ ಹಳೇ ಇಂಜಿನ್ ಆಯಿಲ್ ಬಳಿದಿದ್ದರು. ನನ್ನ ಮೊದಲ ಹುಳುಕು ಅಲ್ಲಿಗೆ ಹೋಯಿತು. ನೆಲವನ್ನು ಗುಡಿಸಿ, ನೀರು ಚಿಮುಕಿಸಿ ಹದ ಮಾಡಿದ್ದರು. ಆಯದ ತಾತ ಹೊಂಗೆ ಮರದ ಕೆಳಗೆ ಕೂತಿದ್ದರು. ಕಣ್ಣಿಗೆ ಪೊರೆ ಬಂದು ಅವರಿಗೆ ಮಬ್ಬುಮಬ್ಬು.

"ಒಬ್ಬಳೇ ಇರೋಳು. ಅಗಲ ಹದಿನೈದು, ಉದ್ದ ಹದಿನೇಳು ಪಾದ ಸಾಕು ಕಣಮ್ಮ," ಎಂದರು ತಾತ.

"ಇಪ್ಪತ್ತೊಂದು ಇರ್ಲಿ ತಾತ," ಎಂದಳು ಅಕ್ಕ. "ಅಗಲ ನೀವು ಹೇಳಿದಷ್ಟೇ."

ನನ್ನ ಕಿವಿ ನೆಟ್ಟಗಾಯಿತು. ಒಂದು ತಿಂಗಳು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಚಿಕ್ಕದು ಸಾಕು, ಇನ್ನೂ ಚಿಕ್ಕದು ಸಾಕು ಎಂದು ನನ್ನ ಲೋಟಗಳನ್ನು ಆಚೆ ಇಟ್ಟವಳು ಇವಳೇ. ಪಾದ ಇಡುವ ಹೊತ್ತಿಗೆ ಆಸೆ ಬಂತು ನೋಡಿ. ಒಂಟಿ ಹೆಂಗಸಿಗೆ ಇಪ್ಪತ್ತೊಂದು ಯಾಕೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಹೊಟ್ಟೆಕಿಚ್ಚಿರುವವರು ಕೇಳುವುದಿಲ್ಲ, ತಾವೇ ಉತ್ತರ ಮಾಡಿಕೊಳ್ಳುತ್ತಾರೆ.

ಅಕ್ಕನ ಎಡಗಾಲಿಗೆ ಪಟ್ಟಿ ಇತ್ತು. ಬಸ್ಸಿನಿಂದ ಇಳಿಯುವಾಗ ಉಳುಕಿತ್ತಂತೆ. ಹಾಗೆ ಹಿಮ್ಮಡಿ ತಾಗಿಸಿ ನಡೆಯುವುದು ಅವಳಿಂದ ಆಗುತ್ತಿರಲಿಲ್ಲ.

"ನನ್ ತಂಗಿ ಇಡ್ತಾಳೆ ತಾತ," ಎಂದಳು. "ನಮ್ಮಿಬ್ಬರದ್ದೂ ಒಂದೇ ಪಾದ. ಚಿಕ್ಕೋರಿದ್ದಾಗ ಇಬ್ಬರಿಗೂ ಒಂದೇ ಜೊತೆ ಚಪ್ಲಿ. ಹೋಗ್ತಾ ನಾನು, ಬರ್ತಾ ಇವಳು."

"ಒಂದೇ ಹೊಟ್ಟೇಲಿ ಹುಟ್ಟಿದೋರಲ್ವಾ. ನಡೀತದೆ," ಎಂದರು ತಾತ.

ನಾನು ಸೆರಗು ಸಿಕ್ಕಿಸಿ ನಿಂತೆ. ಮೊದಲು ಅಗಲಕ್ಕೆ ಹದಿನೈದು ಪಾದ ಸರಿಯಾಗಿಯೇ ಇಟ್ಟೆ. ಆಮೇಲೆ ಉದ್ದಕ್ಕೆ ತಿರುಗಿದೆ. ಮೂರು ಹೆಜ್ಜೆ ಸರಿಯಾಗಿ ಹೋದೆ. ನಾಲ್ಕನೆಯದಕ್ಕೆ ಮೆಟ್ಟಿಲು ನೆನಪಾಯಿತು, ಕೆಲಸದವಳ ಒದ್ದೆ ಬಟ್ಟೆ ನೆನಪಾಯಿತು. ಹಿಮ್ಮಡಿಯನ್ನು ಹೆಬ್ಬೆರಳ ಮುಂದಕ್ಕೆ ಇಡುವ ಬದಲು ಪಕ್ಕಕ್ಕೆ, ಎರಡು ಬೆರಳಷ್ಟು ಹಿಂದಕ್ಕೆ ಇಟ್ಟೆ. ಸೀರೆಯ ಅಂಚು ಪಾದ ಮುಚ್ಚಿತ್ತು. ತಾತ ಎಣಿಸುತ್ತಿದ್ದರು: ಐದು, ಆರು, ಏಳು. ಎಣಿಕೆಯಲ್ಲಿ ನಾನು ಮೋಸ ಮಾಡಲಿಲ್ಲ. ಪ್ರತಿ ಹೆಜ್ಜೆಯಲ್ಲೂ ಅವಳ ಮನೆಯಿಂದ ಒಂದೊಂದು ಚೂರು ಕಿತ್ತುಕೊಂಡೆ, ಅಷ್ಟೇ. ಇಪ್ಪತ್ತೊಂದು ಎಂದಾಗ ನಿಂತೆ. ಬಡಗಿ ನನ್ನ ಹೆಬ್ಬೆರಳ ಮುಂದೆ ಸುಣ್ಣ ಹಾಕಿ ಟೇಪು ಎಳೆದ.

"ಪದಮೂಡುನ್ನರ, ಅಕ್ಕಾ," ಎಂದ ಅವನು ತೆಲುಗಿನಲ್ಲಿ.

"ಹದಿಮೂರೂವರೆ ಅಡಿನಾ? ಅಷ್ಟೇನಾ?" ಎಂದಳು ಅಕ್ಕ. ಹದಿನಾರರ ಹತ್ತಿರ ಬರುತ್ತದೆಂದು ಎಣಿಸಿದ್ದಳು. ಕುಂಟುತ್ತಾ ಬಂದು ಒದ್ದೆ ನೆಲವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. "ಇರ್ಲಿ ಬಿಡು," ಎಂದಳು.

ಇಟ್ಟ ಪಾದ ಬದಲಿಸುವ ಹಾಗಿಲ್ಲ. ಅದು ನಮಗೆಲ್ಲ ಗೊತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು, ತುಂಬ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಮನೆ ಎದ್ದಿತು. ಮನೆ ಒಕ್ಕಲಿಗೆ ಹೋಗದೆ ತಪ್ಪಿಸಿಕೊಂಡೆ, ಚಿಕ್ಕ ಸೊಸೆಗೆ ಹುಷಾರಿಲ್ಲ ಎಂದು ಹೇಳಿದೆ. ಆದರೆ ಅಕ್ಕ ಫೋಟೋ ಕಳಿಸುತ್ತಲೇ ಇದ್ದಳು. ಎಣ್ಣೆ ಕುಡಿದು ಕಪ್ಪಾದ ದಿಮ್ಮಿ ಗೋಡೆ, ಕೆಂಪು ಹೆಂಚು, ಬಾಗಿಲಿನ ಮುಂದೆ ಒಂದು ಕಲ್ಲು ಚಪ್ಪಡಿ. ಯಜಮಾನರು ಫೋಟೋ ನೋಡಿ, "ಕೋಳಿ ಗೂಡಿದ್ದಂಗೈತೆ," ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿಕೊಂಡು ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದೆ. ನಮ್ಮ ಮನೆಯಲ್ಲಿ ನನಗೆ ಚಿಲಕವಿರುವ ಕೋಣೆ ಅದೊಂದೇ.

ಪಾದ ಇಟ್ಟು ಮೂರು ತಿಂಗಳಾದ ಮೇಲೆ ಹೋಗಲೇಬೇಕಾಯಿತು. ಕಲ್ಯಾಣದುರ್ಗದಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಕುಂದುರ್ಪಿ ಬಸ್ಸು ಹತ್ತಿ ದಾರಿಯಲ್ಲಿ ಇಳಿದಾಗ ಮಧ್ಯಾಹ್ನ ಹನ್ನೆರಡು. ಹೊಲದಲ್ಲಿ ಕಡಲೆಕಾಯಿ ಗಿಡ ಹಳದಿ ಹೂ ಬಿಟ್ಟಿತ್ತು. ಸುಡುವ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ದಿಮ್ಮಿಯ ಮನೆ ತಣ್ಣಗಿತ್ತು. ಹಾಗೆ ತಣ್ಣಗಿರಬಾರದಿತ್ತು ಎಂದುಕೊಂಡೆ. ಬಾಗಿಲಿನ ಎದುರು ಗೋಡೆಗೆ ಒತ್ತಿ ಟ್ರಂಕು, ಅದರ ಮುಂದೆ ಉದ್ದಕ್ಕೆ ಮಂಚ, ಮೂಲೆಯಲ್ಲಿ ಒಲೆ, ಗೂಟಕ್ಕೆ ಎರಡು ಸೀರೆ. ಎಲ್ಲವೂ ಕೈಗೆಟಕುವಷ್ಟು ದೂರದಲ್ಲಿ. ಹುಳುಕು ಹುಡುಕಿದೆ, ಒಂದೂ ಸಿಗಲಿಲ್ಲ.

ಮುದ್ದೆ, ಹುರುಳಿ ಸಾರು ಉಂಡೆವು. ಕೈ ತೊಳೆದು ಬಂದ ಅಕ್ಕ, ಮಂಚದ ಮೇಲಿನ ಗೂಟಕ್ಕೆ ಸಿಕ್ಕಿಸಿದ್ದ ಒಂದು ಚಾಪೆ ತೆಗೆದಳು. ಹೊಸ ಈಚಲು ಚಾಪೆ, ಸುತ್ತಿದ ದಾರ ಕೂಡ ಬಿಚ್ಚಿರಲಿಲ್ಲ.

"ಮದ್ವೆಗೆ ಹೋಗಿ ಬಂದು ಸುಸ್ತಾಗಿರ್ತೀಯ. ಮಲಕ್ಕೊ," ಎಂದು ಮಂಚದ ಕಾಲಿನಿಂದ ಬಾಗಿಲ ಕಡೆಗೆ ಬಿಡಿಸಿದಳು. ಚಾಪೆ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ತುದಿ ಹೊಸ್ತಿಲಿಗೆ ತಾಗಿ ಮೇಲೆದ್ದು ನಿಂತಿತು. ಅಡ್ಡ ಹಾಸೋಣವೆಂದರೆ ಒಲೆ, ಕೊಡ.

"ನಿಂಗೆ ಅಂತಲೇ ನಾಲ್ಕು ಪಾದ ಜಾಸ್ತಿ ಹೇಳಿದ್ದೆ," ಎಂದಳು ಅಕ್ಕ, ಚಾಪೆಯ ತುದಿಯನ್ನು ಕಾಲಲ್ಲಿ ಒತ್ತುತ್ತಾ. "ನಂಗೆ ಹದಿನೇಳೇ ಸಾಕಾಗಿತ್ತು. ಇವಳು ಯಾವಾಗಾರ ಅಲ್ಲಿಂದ ಎದ್ದು ಬಂದ್ರೆ ಕಾಲು ಚಾಚೋಕೆ ಜಾಗ ಇರ್ಲಿ ಅಂತ."

ನಾನು ಚಾಪೆಯ ಇನ್ನೊಂದು ತುದಿಯನ್ನು ಮಂಚದ ಕಾಲಿಗೆ ಒತ್ತಿ ಸರಿಸಿ ನೋಡಿದೆ.

"ಪಾದ ಇಟ್ಟ ದಿನ ನೆಲದ ಮೇಲೆ ನಿನ್ನ ಹೆಜ್ಜೆ ನೋಡ್ದೆ," ಎಂದಳು. "ಒಂದರ ಪಕ್ಕ ಒಂದು ಒತ್ಕೊಂಡು ಬಿದ್ದಿದ್ವು. ಜಾಗ ಯಾಕೆ ಬಿಡಿಸ್ತಾ ಇವ್ನಿ ಅಂತ ಇವಳಿಗೆ ಗೊತ್ತಾಗೈತೆ, ಬರೋಕೆ ಇಷ್ಟ ಇಲ್ಲ, ಬಾಯಲ್ಲಿ ಹೇಳಕ್ಕಾಗ್ದೆ ಕಾಲಲ್ಲಿ ಹೇಳ್ತಾವ್ಳೆ ಅನ್ಕೊಂಡೆ. ನಿಂಗೂ ಮನೆ, ಮಕ್ಕಳು ಐತಲ್ಲ. ಅದಕ್ಕೇ ಸುಮ್ನಾಗ್ಬುಟ್ಟೆ."

ಹೂಂ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳು ನನಗಾಗಿ ಹೊಲಿದಿಟ್ಟ ಸುಳ್ಳು ನನಗೆ ಸರಿಯಾಗಿ ಹೊಂದುತ್ತಿತ್ತು. ಆದರೆ ಅವಳ ಹತ್ತಿರ ಬರಲು ನನಗೆ ಇಷ್ಟವಿರಲಿಲ್ಲ ಎಂದು ಅವಳು ಮೂರು ತಿಂಗಳಿನಿಂದ ನಂಬಿಕೊಂಡು ಕೂತಿದ್ದಳಲ್ಲ, ಅದನ್ನು ತಡೆಯಲಾಗಲಿಲ್ಲ.

"ಹೊಟ್ಟೆಕಿಚ್ಚು ಕಣಕ್ಕ," ಎಂದೆ. "ನಿಂಗೊಂದು ಮನೆ ಆಯ್ತದೆ ಅಂತ ಹೊಟ್ಟೆಕಿಚ್ಚು. ಅದಕ್ಕೇ ಚಿಕ್ಕದು ಮಾಡ್ದೆ."

ಅಕ್ಕ ಮಂಚದ ಮೇಲೆ ಕೂತಳು. ಬೈಯುತ್ತಾಳೆ ಎಂದು ತಲೆ ತಗ್ಗಿಸಿದೆ.

"ನನ್ ಮೇಲಾ?" ಎಂದಳು.

"ಹೂಂ."

"ನಿಂಗಾ? ಮೂರಂತಸ್ತಿನೋಳಿಗೆ?"

ತಲೆ ಎತ್ತಿ ನೋಡಿದರೆ ಅವಳ ಮುಖ ಅರಳಿತ್ತು. ಮರೆಮಾಚಲು ನೋಡಿದಳು, ಆಗಲಿಲ್ಲ. ನಲವತ್ತು ವರ್ಷ ಊರೆಲ್ಲ ಪಾಪ ಅಂದಿದ್ದ ಮುಖ ಅದು. "ನನ್ ಮೇಲೆ ಯಾರ್ಗೂ ಹೊಟ್ಟೆಕಿಚ್ಚು ಬಂದಿರ್ಲಿಲ್ಲ ಕಣೆ," ಎಂದು ಮೆಲ್ಲಗೆ ಹೇಳಿ, ಸೆರಗಿನಿಂದ ಮೂಗು ಒರೆಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ಐದು ನಿಮಿಷಕ್ಕೆ ಗೊರಕೆ ಶುರುವಾಯಿತು. ಅಷ್ಟು ಬೇಗ ನಿದ್ದೆ ಬಂದದ್ದಕ್ಕೂ ನನಗೆ ಹೊಟ್ಟೆ ಉರಿಯಿತು.

ನಾನು ಚಾಪೆಯ ಮೇಲೆ ಮಲಗಿದೆ. ಬಾಗಿಲು ಹಾಕಿಕೊಳ್ಳೋಣವೆಂದರೆ ಹಾಕಲು ಬರಲಿಲ್ಲ. ತಲೆ ಅಕ್ಕನ ಮಂಚದ ಕಾಲಿಗೆ ತಾಗುತ್ತಿತ್ತು, ಮೊಣಕಾಲಿನಿಂದ ಕೆಳಗೆ ಹೊಸ್ತಿಲಾಚೆ ಬಿಸಿಲಿನಲ್ಲಿತ್ತು. ಅವಳ ಮನೆಯಿಂದ ನಾನು ಕದ್ದಿದ್ದು ಸರಿಯಾಗಿ ಅಷ್ಟೇ.