ಭಾಲ್ಕಿಯಲ್ಲಿ ತೋರಿಸದ ರೀಲು

ನೋಡುವ ಮೊದಲೇ ಆ ಸಿನಿಮಾ ನನಗೆ ಬಾಯಿಪಾಠವಾಗಿತ್ತು. ಮದುವೆಯಾದ ಹೊಸದರಲ್ಲಿ ಅಕ್ಕ ಅದನ್ನು ಗಂಡನ ಜೊತೆ ಭಾಲ್ಕಿಯ ಟೆಂಟಿನಲ್ಲಿ ನೋಡಿದ್ದಳು. ಮುಗಿಲಿನಿಂದ ಇಳಿದ ಗಂಧರ್ವ ಹೂ ಮಾರುವ ಹುಡುಗಿಯನ್ನು ಮದುವೆಯಾಗುತ್ತಾನೆ, ದೇವಲೋಕದಿಂದ ಕರೆ ಬಂದು ಹೊರಟುಹೋಗುತ್ತಾನೆ, ಕೊನೆಗೆ ಮಾಲೆ ಹಿಡಿದು ತಿರುಗಿ ಬರುತ್ತಾನೆ. ರೊಟ್ಟಿ ಬಡಿಯುವಾಗಲೂ ತಲೆ ಬಾಚುವಾಗಲೂ ಅಕ್ಕನಿಗೆ ಅದೇ ಕಥೆ. ಕೇಳಿ ಕೇಳಿ ನನಗೆ ತಲೆ ಚಿಟ್ಟುಹಿಡಿದಿತ್ತು. ಆದರೂ ಗಂಧರ್ವ ಬರುವ ಜಾಗ ಬಂದರೆ ನಾನೂ ಸುಮ್ಮನೆ ಕೂತು ಕೇಳುತ್ತಿದ್ದೆ.

ಹೈದರಾಬಾದ್ ರಾಜ್ಯ ಒಡೆದು ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ, ಔರಾದದ ತಹಸೀಲ ಕಚೇರಿಯಲ್ಲಿದ್ದ ಅಕ್ಕನ ಗಂಡ ನೌಕರಿಗೆ ಹೈದರಾಬಾದನ್ನೇ ಆರಿಸಿಕೊಂಡ. ಉರ್ದು ಬರೆದು ಪಳಗಿದ ಕೈ, ಇನ್ನು ಕನ್ನಡ ಯಾರು ಕಲಿಯಬೇಕು ಅಂದ. ಮನೆ ಸಿಕ್ಕ ಕೂಡಲೇ ಕರೆದೊಯ್ಯುತ್ತೇನೆಂದು ಅಕ್ಕನನ್ನು ಬೀದರಿನ ನಮ್ಮ ಮನೆಯಲ್ಲಿ ಬಿಟ್ಟ. ಸ್ಟೇಶನ್ನಿನಲ್ಲಿ ಅವಳು ಅಳತೊಡಗಿದಾಗ ನಕ್ಕು, "ಆ ಸಿನಿಮಾ ಮರೀಬ್ಯಾಡ. ಹೋದಂವ ಬಂದಾನಲ್ಲ?" ಎಂದು ರೈಲು ಹತ್ತಿದ. ಬೇಸಿಗೆ ಕಳೆಯಿತು, ಮಳೆಗಾಲವೂ ಕಳೆಯಿತು, ಆಸಾಮಿಯ ಸುದ್ದಿಯೇ ಇಲ್ಲ. ಹೋಗಿ ಹುಡುಕುತ್ತೇನೆಂದು ಅಪ್ಪ ಹೊರಟಾಗಲೆಲ್ಲ, ತಾವಾಗೇ ಬರುತ್ತಾರೆ ಎಂದು ಅಕ್ಕ ತಡೆಯುತ್ತಿದ್ದಳು.

ಆಗಲೇ ಆ ಹಳೇ ಸಿನಿಮಾ ಬೀದರಿಗೆ ಬಂತು. ಅಕ್ಕ ನನ್ನನ್ನು ಮ್ಯಾಟ್ನಿಗೆ ಎಳೆದುಕೊಂಡು ಹೋದಳು. ಗಂಧರ್ವನಿಗೆ ಹೊಟ್ಟೆ ಬಂದಿತ್ತು, ಹಾಡೆಲ್ಲ ಕರಕರ. ನನಗೆ ನಗು ತಡೆಯಲಿಲ್ಲ. ಆದರೆ ಹುಡುಗಿ ಒಬ್ಬಳೇ ದೀಪ ಹಚ್ಚಿಟ್ಟು ಕಾಯುವಾಗ ನಾನೂ ನಗು ಮರೆತು ಮುಂದೆ ಬಾಗಿ ಕೂತೆ. ಗಂಧರ್ವ ಮಾಲೆ ಹಿಡಿದು ಇಳಿದು ಬಂದ. ಅಕ್ಕ ಕಣ್ಣೊರೆಸಿಕೊಂಡು, ಚಪ್ಪಲಿ ಮೆಟ್ಟಿ, ಮುಗಿಯಿತು ಏಳು ಎಂದಳು. ಆದರೆ ಟಾಕೀಸಿನ ದೀಪ ಹತ್ತಲೇ ಇಲ್ಲ. ಹಿಂದಿನವರು ಕೂರಿ ಎಂದು ಗದರಿದರು.

ತೆರೆಯ ಮೇಲೆ ಹುಡುಗಿ ಬೆಚ್ಚಿ ಎಚ್ಚರಾದಳು. ಮಾಲೆಯೂ ಇಲ್ಲ, ಗಂಧರ್ವನೂ ಇಲ್ಲ. ಅವನು ಬಂದದ್ದು ಬರೀ ಕನಸು. ಅತ್ತ ದೇವಲೋಕದಲ್ಲಿ ಆತ ಇನ್ನೊಬ್ಬಳ ಪಕ್ಕ ಕೂತಿದ್ದ. ಇತ್ತ ಇವಳು ಮುದುಕಿಯಾಗಿ ಹೂ ಕಟ್ಟುತ್ತ ಕೂತಲ್ಲಿಗೆ ಸಿನಿಮಾ ಮುಗಿಯಿತು.

ನಮ್ಮ ಗಲಿಬಿಲಿ ನೋಡಿ ಪಕ್ಕದಲ್ಲಿದ್ದ ಭಾಲ್ಕಿ ಕಡೆಯ ಹೆಂಗಸು ನಕ್ಕಳು. ಭಾಲ್ಕಿಯಲ್ಲಿ ಖಟಕ ಚಿಂಚೋಳಿ ಊರಿಗೆ ಹೋಗುವ ಕಡೇ ಬಸ್ಸು ಹಾರನ್ ಹೊಡೆದರೆ ಅರ್ಧ ಟೆಂಟು ಎದ್ದು ಓಡುತ್ತಿತ್ತಂತೆ. ಅದಕ್ಕೇ ಟೆಂಟಿನವನು ಕಡೇ ರೀಲು ಹಾಕುವ ಗೋಜಿಗೇ ಹೋಗುತ್ತಿರಲಿಲ್ಲ. ಎಂಥ ಸಿನಿಮಾ ಆದರೂ ಅಲ್ಲಿ ಬಸ್ಸಿನ ಹೊತ್ತಿಗೆ ಮುಗಿಯಲೇಬೇಕು.

ನನಗೆ ಯಾರೋ ಮೋಸ ಮಾಡಿ ಓಡಿಹೋದಂತಾಗಿತ್ತು. ದಾರಿಯುದ್ದಕ್ಕೂ ಆ ಟೆಂಟಿನವನಿಗೆ ಬಾಯಿಗೆ ಬಂದಂತೆ ಬೈದೆ. ಅಕ್ಕ ನಡುಬೀದಿಯಲ್ಲಿ ನಿಂತಳು.

"ಅಂವಗ ಯಾಕ ಬೈತಿ? ನಮ್ಮನಿಯವರು ಇದನ್ನ ಮೊದ್ಲೇ ಹೈದರಾಬಾದಿನ್ಯಾಗ ನೋಡಿದ್ರು. ಅಲ್ಲಿ ಪೂರಾ ತೋರಸ್ತಾರ."

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅಕ್ಕನ ಗಂಡ ಕಡೆಯ ರೀಲು ಕಂಡಿದ್ದೂ ಸ್ಟೇಶನ್ನಿನಲ್ಲಿ ಆ ಮಾತು ಹೇಳಿ ನಕ್ಕಿದ್ದ. ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದವಳೇ ಅಕ್ಕ ಅಪ್ಪನ ಎದುರು ನಿಂತಳು.

"ಈಗ ಹೈದರಾಬಾದಿಗಿ ಹೋಗಿ ಬರ್ರಿ ಅಪ್ಪಾ. ಅವರನ್ನ ಕರ್ಕೊಂಡು ಬರ್ಲಿಕ್ಕಲ್ಲ. ಇನ್ನ ನಾ ಕಾಯಂಗಿಲ್ಲಂತ ಹೇಳಿ ಬರ್ರಿ."