ಉಡಿ ತುಂಬದೆ ಎತ್ತಿದ ಕ್ಯಾನು

ಶಿವಗಂಗಾ ಮುಂಜಾನೆ ಎರಡು ಕೈಯಲ್ಲಿ ಎರಡು ಚೀಲ ಹಿಡಿದು ಹೊರಟರೆ, ಗೊತ್ತಿಲ್ಲದವರು ಹಾಲು ಹಾಕಲು ಹೊರಟಿದ್ದಾಳೆ ಅಂದುಕೊಳ್ಳಬೇಕು. ಚೀಲದೊಳಗೆ ಬಿಳಿ ಪ್ಲಾಸ್ಟಿಕ್ ಕ್ಯಾನು. ಗೊತ್ತಿದ್ದವರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಆಕೆಯೂ ನಗುತ್ತಿದ್ದಳು.

"ಹಾಲೇ ಅಂತ ತಿಳ್ಕೋರಿ. ಹಾಲು ಬರೂಕಿಂತ ಮೊದಲಿಂದು, ಅಷ್ಟೇ ಫರಕು."

ಬಸುರಿ ಹೆಂಗಸರ ಉಚ್ಚೆ ಕೂಡಿಸಿ ತರುವುದು ಆಕೆಯ ಕೆಲಸ. ನಾಸಿಕಿನ ಸಾತಪುರದಲ್ಲಿ ನಾವಿಬ್ಬರೂ ಒಂದೇ ಸಾಲಿನ ಖೋಲಿಗಳಲ್ಲಿ ಇರುವವರು. ಆಕೆ ಭಾಲ್ಕಿ ಕಡೆಯವಳು. ಗಂಡ ಶಾಂತಕುಮಾರ ಕಂಪನಿಯೊಂದರ ಗೇಟಿನಲ್ಲಿ ವಾಚ್‌ಮನ್. ಮಗಳು ಅಶ್ವಿನಿ ನಮ್ಮ ಮಾತೆಲ್ಲ ತಿಳಿದುಕೊಂಡು ಮರಾಠಿಯಲ್ಲಿ ಉತ್ತರ ಕೊಡುವವಳು. ತಾಯಿಯ ಚೀಲ ಹೊಸ್ತಿಲು ದಾಟಿದರೆ ಸಾಕು, ಮೂಗು ಮುಚ್ಚಿ "ಆಯೀ, ಬಾಹೇರ!" ಅಂತ ಕೂಗುತ್ತಿದ್ದಳು. ಚೀಲ ಹೊರಗೇ ಉಳಿಯುತ್ತಿತ್ತು.

ಹೊಸದಾಗಿ ಗರ್ಭ ನಿಂತವಳ ಉಚ್ಚೆಯಲ್ಲಿ ಒಂದು ಹಾರ್ಮೋನು ಇರುತ್ತದಂತೆ. ಮೊದಲ ಮೂರು ತಿಂಗಳು ಜಾಸ್ತಿ, ಆಮೇಲೆ ಇಳಿಯುತ್ತದಂತೆ. ಅದನ್ನು ಸೋಸಿ ಬಿಳಿ ಪುಡಿ ಮಾಡುವ ಸಣ್ಣ ಕಾರ್ಖಾನೆ ಊರ ಹೊರಗೆ ಇತ್ತು. ಅಲ್ಲಿಂದ ಟೆಂಪೋದಲ್ಲಿ ಕ್ಯಾನು ಒಯ್ಯಲು ಬರುತ್ತಿದ್ದವನು ಸೂಪರ್‌ವೈಜರ್ ಉತ್ಕರ್ಷ, ಓದಿಕೊಂಡ ಮರಾಠಿ ಮನುಷ್ಯ. ಒಮ್ಮೆ ಅವನು ಕಿರುಬೆರಳಿನಷ್ಟು ಬಾಟಲಿ ತಂದು ತೋರಿಸಿದ. ತಳದಲ್ಲಿ ಚಿಟಿಕೆ ಪುಡಿ. ಇದು ಪ್ರಯೋಗಶಾಲೆಗೆ ಹೋಗುವುದು, ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಕೊಡಬಾರದು ಅಂತ ಮೇಲೆ ಬರೆದಿದೆ ಅಂದ.

"ಹಂಗಾರ ಯಾರಿಗಿ ಚುಚ್ಚತಾರ?" ಅಂತ ನಾನೇ ಕೇಳಿದೆ.

"ಇಲಿಗೆ, ಆಜಿ."

ನಲ್ಲಿಯ ಹತ್ತಿರ ನಿಂತವರೆಲ್ಲ ಬಿದ್ದು ಬಿದ್ದು ನಕ್ಕೆವು. "ತಗೋರಿ! ಮೊದಲೇ ಖೋಲಿ ತುಂಬ ಇಲಿ. ಇನ್ನ ನಮ್ಮ ಉಚ್ಚಿಲಿಂದ ಅವು ಬಸುರಾದ್ರ ನಾವು ಎಲ್ಲಿ ಮಲಗೋದು?" ಅಂದಳು ನಮ್ಮ ಸಾಲಿನ ಸುಮಂಗಲಾ.

ಗರ್ಭ ನಿಂತ ಸುದ್ದಿಯನ್ನು ಮೂರು ತಿಂಗಳು ತುಂಬುವವರೆಗೆ ನಮ್ಮಲ್ಲಿ ಹೊರಗೆ ಹೇಳುವುದಿಲ್ಲ. ಕಾರ್ಖಾನೆಗೆ ಬೇಕಾದದ್ದು ಅದೇ ಮೂರು ತಿಂಗಳು. ಹೀಗಾಗಿ ಗಂಡ, ಅತ್ತೆ ಬಿಟ್ಟರೆ ಮುಂದೆ ಗೊತ್ತಾಗುವುದು ಶಿವಗಂಗಾಗೆ. ಒಬ್ಬರ ಮನೆಯದು ಇನ್ನೊಬ್ಬರಿಗೆ ಹೇಳಿದವಳಲ್ಲ. ಮೂರು ತಿಂಗಳು ತುಂಬಿ, ಆ ಮನೆಗೆ ಕೊಟ್ಟ ಕ್ಯಾನು ವಾಪಸ್ ತರುವ ದಿನ ಆಕೆ ಅಕ್ಕಿ, ಕಾಯಿ, ಒಂದು ಕುಪ್ಪಸದ ಖಣ ಒಯ್ದು ಆ ಹುಡುಗಿಯ ಉಡಿ ತುಂಬುತ್ತಿದ್ದಳು. ಕಾರ್ಖಾನೆಯವರು ಹೇಳಿದ್ದಲ್ಲ, ತನ್ನ ಮನಸ್ಸಿನಿಂದ. "ಅವಳ ಹೊಟ್ಟಿಂದು ಒಯ್ದೀನಿ, ಬರಿ ಉಡಿ ಬಿಟ್ಟು ಬರಲ್ಯಾ?" ಅನ್ನುತ್ತಿದ್ದಳು. ಆಕೆ ಉಡಿ ತುಂಬಿದಳೆಂದರೆ ಇನ್ನು ಸುದ್ದಿ ಹೇಳಬಹುದು ಅಂತ ಓಣಿಯಲ್ಲಿ ಲೆಕ್ಕವಾಗಿತ್ತು.

ಹಿಂದಿನ ಸಾಲಿನಲ್ಲಿ ರೇಷ್ಮಾ ಅಂತ ಒಬ್ಬ ಹುಡುಗಿ. ಗಂಡ ಸೋಮಲಿಂಗ ಕಟ್ಟಡಗಳ ಮೇಲೆ ಸೆಂಟ್ರಿಂಗ್ ಕೆಲಸದವನು, ಅತ್ತೆ ಯಮನವ್ವ ಮಾತಿನಲ್ಲಿ ಖಾರ. ಚೊಚ್ಚಲ ಬಸುರು. ಕ್ಯಾನು ಕೊಡುವಾಗ ಮುಖ ಅತ್ತ ತಿರುಗಿಸಿ ಕೊಡುವಷ್ಟು ನಾಚಿಕೆ ಅವಳಿಗೆ.

ಕಾರ್ಖಾನೆಯಲ್ಲಿ ಪ್ರತಿ ಮನೆಯ ಕ್ಯಾನಿಗೂ ಒಂದು ಕಾಗದದ ಪಟ್ಟಿ ಅದ್ದಿ ನೋಡುತ್ತಾರೆ. ಗೆರೆ ಗಟ್ಟಿಯಾಗಿ ಮೂಡಿದರೆ ಮಾಲು ಒಳ್ಳೆಯದು. ರೇಷ್ಮಾಳ ಗೆರೆ ದಿನದಿನಕ್ಕೆ ತೆಳುವಾಗುತ್ತ ಬಂತು. "ಮಾವಶಿ, ಆ ಮನೆಯವರು ನೀರು ಬೆರೆಸುತ್ತಿದ್ದಾರೆ. ಬಂದ್ ಮಾಡಿರಿ," ಅಂತ ಉತ್ಕರ್ಷ ಶಿವಗಂಗಾಗೆ ಅಂದ. ದುಡ್ಡು ಅಳತೆಯ ಮೇಲೆ, ಹೀಗಾಗಿ ಕ್ಯಾನು ತುಂಬಿ ಕಾಣಲಿ ಅಂತ ನೀರು ಬೆರೆಸುವವರು ಇರುತ್ತಿದ್ದರು, ಇಲ್ಲ ಅನ್ನುವಂತಿಲ್ಲ.

ಶಿವಗಂಗಾ ಸಿಟ್ಟಿನಲ್ಲೇ ಬಂದಳು. ನಲ್ಲಿ ಬಂದ ಹೊತ್ತು. ಎಲ್ಲರೂ ಸಾಲಿನಲ್ಲಿ, ರೇಷ್ಮಾಳ ಕೊಡ ನಲ್ಲಿಯ ಕೆಳಗೆ.

"ಏ ಹುಡುಗಿ, ಈ ನೀರು ಕೊಡಕ್ಕ ಹಿಡ್ಲತ್ತಿಯೋ, ನನ್ನ ಕ್ಯಾನಿಗೋ?"

ರೇಷ್ಮಾ ಗಾಬರಿಯಾಗಿ ನೋಡಿದಳು. "ಏನಕ್ಕಾ?"

"ಉಚ್ಚಿಗಿ ನೀರು ಬೆರಸಿ ಕೊಡ್ತಿ, ಮ್ಯಾಲ ಏನಕ್ಕಾ ಅಂತಿ!"

"ಇಲ್ಲಕ್ಕಾ. ದೇವರಾಣಿ ಇಲ್ಲ."

"ನಡುವ ದೇವರಿಗಿ ಯಾಕ ತರ್ತಿ? ಪಟ್ಟಿ ಸುಳ್ಳು ಹೇಳ್ತದಾ?"

ಅಂದವಳೇ ಅವಳ ಮನೆಗೆ ಹೋಗಿ ಕ್ಯಾನು ಎತ್ತಿಕೊಂಡು ಬಂದಳು. ಉಡಿಯಿಲ್ಲ, ಕಾಯಿಯಿಲ್ಲ. ಮುಚ್ಚಿಟ್ಟ ಬಸುರೂ ಹೊರಗೆ ಬಿತ್ತು, ಮೋಸಗಾತಿ ಅನ್ನುವ ಹೆಸರೂ ಬಂತು, ಒಂದೇ ಮುಂಜಾನೆ. "ಹೊಟ್ಟ್ಯಾಗ ಕೂಸು ಇಟ್ಕೊಂಡು ಇಂಥಾ ಬುದ್ಧಿ ಎಲ್ಲಿಂದ ಬಂತು ನಿನಗ?" ಅಂತ ಯಮನವ್ವ ಬೈಯುವುದು ಗೋಡೆ ದಾಟಿ ನನ್ನ ಖೋಲಿಗೆ ಕೇಳಿಸಿತು.

ಮುಂದಿನ ಅಮಾವಾಸ್ಯೆಯೊಳಗೆ ರೇಷ್ಮಾಳಿಗೆ ಜ್ವರ ಏರಿ, ರಕ್ತ ಹೋಗಿ, ರಿಕ್ಷಾದಲ್ಲಿ ಮಲಗಿಸಿ ಸರಕಾರಿ ದವಾಖಾನೆಗೆ ಒಯ್ದರು. ಕೂಸು ಒಳಗೇ ಯಾವಾಗಲೋ ಹೋಗಿಬಿಟ್ಟಿದೆ ಅಂದರು ಲೇಡಿ ಡಾಕ್ಟರ್. ಅದನ್ನು ಉಳಿಸಲು ಯಾರಿಂದಲೂ ಆಗುತ್ತಿರಲಿಲ್ಲ, ಆದರೆ ಮೊದಲೇ ಕರೆತಂದಿದ್ದರೆ ತಾಯಿ ಸಾವಿನ ಬಾಗಿಲು ನೋಡಿ ಬರಬೇಕಾಗಿರಲಿಲ್ಲ ಅಂದರಂತೆ. ಯಮನವ್ವ ಅದನ್ನು ಕೇಳಿಸಿಕೊಳ್ಳಲಿಲ್ಲ. "ನೀರು ಬೆರಸಿದ ಪಾಪ ಹೊಟ್ಟಿಗಿ ತಾಕಿತು," ಅಂತಲೇ ಹೇಳುತ್ತ ತಿರುಗಿದಳು. ಸ್ವಲ್ಪ ದಿನಕ್ಕೆ ಸೋಮಲಿಂಗನಿಗೆ ಸಂಭಾಜಿನಗರದಲ್ಲಿ ಕೆಲಸ ಸಿಕ್ಕಿ ಅವರೆಲ್ಲ ಹೊರಟುಹೋದರು.

ಶಿವಗಂಗಾ ಟೆಂಪೋ ಬಂದಾಗ ಉತ್ಕರ್ಷನನ್ನು ಕೇಳಿದಳು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದೆ.

"ಕೂಸು ಹೋದ್ರೂ ಗೆರಿ ತೆಳ್ಳಗಾಗ್ತದಾ?"

"ಆಗುತ್ತದೆ ಮಾವಶಿ. ಪಟ್ಟಿಗೆ ನೀರೂ ಒಂದೇ, ಅದೂ ಒಂದೇ."

"ನಿಮಗ ಗೊತ್ತಿತ್ತಾ?"

ಅವನು ಕ್ಯಾನಿನ ಮುಚ್ಚಳ ಬಿಗಿಮಾಡುತ್ತ ನಿಂತ. "ಬಹಳ ಸಲ ನೀರೇ ಇರುತ್ತದೆ," ಅಂದ.

ಅವತ್ತಿನಿಂದ ಶಿವಗಂಗಾ ಬೇರೆಯೇ ಆದಳು. ರೇಷ್ಮಾಳ ಮನೆಯ ಕ್ಯಾನನ್ನು ಯಾರಿಗೂ ಕೊಡಲಿಲ್ಲ. ಬೂದಿ ಹಾಕಿ ತಿಕ್ಕುವುದು, ಬಿಸಿಲಿಗೆ ಇಡುವುದು, ಮರುದಿನ ಮತ್ತೆ ತಿಕ್ಕುವುದು. ಮೂಗು ಮುಚ್ಚುತ್ತಿದ್ದ ಅಶ್ವಿನಿಯೇ, "ವಾಸ ನಾಹೀ ಆಯೀ, ಪುರೇ ಆತಾ," ವಾಸನೆ ಇಲ್ಲ, ಇನ್ನು ಸಾಕು ಅಂದರೂ ಬಿಡಲಿಲ್ಲ. ನನ್ನ ಹತ್ತಿರ ಒಂದು ಮಧ್ಯಾಹ್ನ ಬಾಯಿ ಬಿಟ್ಟಳು.

"ದೊಡ್ಡವ್ವಾ, ಅವಳ ಹೊಟ್ಟ್ಯಾಗಿಂದು ಹೋಗ್ಯಾದ ಅಂತ ಆ ಕ್ಯಾನು ನನಗ ಹೇಳ್ತು. ತಾಯಿಗಿ ಹೇಳೂಕಿಂತ ಮೊದಲ ನನಗ ಹೇಳ್ತು. ದವಾಖಾನಿಗಿ ನಡಿ ತಂಗಿ ಅನ್ನಬೇಕಾದ ಬಾಯಿಲಿಂದ ನಾ ಏನಂದೆ?"

ಆ ಸಾಲಿನಲ್ಲಿ ನಾನೂ ಕೊಡ ಹಿಡಿದು ನಿಂತವಳೇ.

"ಹೋಗಿ ಹೇಳು," ಅಂದೆ.

"ನೀವೂ ಬರ್ರಿ. ಒಬ್ಬಾಕಿಗಿ ಕಾಲು ಏಳಂಗಿಲ್ಲ."

ಎಸ್‌ಟಿ ಬಸ್ಸಿನಲ್ಲಿ ಸಂಭಾಜಿನಗರಕ್ಕೆ ಹೋದೆವು. ಯೇವಲಾ ದಾಟುವವರೆಗೆ ತೊಡೆಯ ಮೇಲಿನ ಚೀಲ ಬಿಟ್ಟು ಕೈ ಎತ್ತಲಿಲ್ಲ ಆಕೆ. ಅದರಲ್ಲಿ ಅಕ್ಕಿ, ಕಾಯಿ, ಹಸಿರು ಖಣ. ವೇರೂಳ್ ರಸ್ತೆಯ ಬದಿಗೆ ಏಳುತ್ತಿದ್ದ ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳು. ಯಮನವ್ವ ನೀರಿನ ಕೊಡ ಹೊತ್ತು ಎದುರಿಗೇ ಬಂದಳು.

"ಏನವಾ, ಇಲ್ಲೀನೂ ಕ್ಯಾನು ತಂದೀಯೇನು?"

"ಇಲ್ರಿ ಅತ್ತಿ. ನಿಮ್ಮ ಸೊಸಿ ನೀರು ಬೆರಸಿರಲಿಲ್ಲ. ಕೂಸು ಹೋಗಿದ್ದಕ್ಕ ಪಟ್ಟಿ ಮ್ಯಾಲ ಗೆರಿ ತೆಳ್ಳಗ ಬಿದ್ದಿತ್ತು. ತಪ್ಪು ನಂದು."

ಯಮನವ್ವ ಕೊಡ ಇಳಿಸುವುದನ್ನೇ ಮರೆತು ನಿಂತಳು. ಆಮೇಲೆ ದನಿ ಸಣ್ಣದಾಯಿತು. "ನಾ ಎಷ್ಟ್ ಅಂದೀನಿ ಅಕಿಗಿ... ನೀರಿಗೂ ನಾನೇ ಹೋಗ್ಲತ್ತೀನಿ. ನಾಲ್ಕು ಹೆಂಗಸರು ನಿಂತಲ್ಲಿ ಅಕಿ ಬರಂಗಿಲ್ಲ."

ರೇಷ್ಮಾ ಶೆಡ್ಡಿನ ಬಾಗಿಲಲ್ಲಿ ಎಲ್ಲ ಕೇಳುತ್ತ ನಿಂತಿದ್ದಳು. ಬಡವಾಗಿದ್ದಳು. ಶಿವಗಂಗಾ ಉಡಿ ತುಂಬಲು ಕಾಯಿ ತೆಗೆದಾಗ ಅವಳು ಸೆರಗು ಒಡ್ಡಲಿಲ್ಲ.

"ಅಕ್ಕಾ, ನೀ ಅಂದಿದ್ದು ನಲ್ಲಿ ಮುಂದ. ಹೇಳ್ಲಾಕ ಬಂದಿದ್ದು ಈ ಶೆಡ್ಡಿಗಿ. ಇಲ್ಲಿ ಯಾರಿಗಿ ಗೊತ್ತದ ನಂದು?"

ಅಷ್ಟು ಹೇಳಿ ಒಳಗೆ ಹೋದಳು. ಚಹಾ ಮಾತ್ರ ಕಳಿಸಿದಳು, ಯಮನವ್ವನ ಕೈಯಲ್ಲಿ.

ಮರುದಿನ ನಲ್ಲಿ ಬಂದಾಗ ಶಿವಗಂಗಾ ಕೊಡವಿಲ್ಲದೆ ಬಂದು ಸಾಲಿನ ಮುಂದೆ ನಿಂತಳು. ಒಂದೂ ಮುಚ್ಚಿಡದೆ ಎಲ್ಲ ಹೇಳಿದಳು. ಹೇಳಿ ಮುಗಿದ ಮೇಲೆ ಕೊಡ ತುಂಬಿ ಹರಿದರೂ ಯಾರೂ ನಲ್ಲಿ ತಿರುವಲಿಲ್ಲ. ಕೊನೆಗೆ ಸುಮಂಗಲಾ ಕೇಳಿದಳು, "ಅಂದ್ರ ನಮ್ಮ ಹೊಟ್ಟ್ಯಾನ ಕೂಸಿನ ಸುದ್ದಿ ನಿಮ್ಮ ಕಾರ್ಖಾನಿಗಿ ಗೊತ್ತಾಗ್ತದ, ನಮಗ ಯಾರೂ ಹೇಳಂಗಿಲ್ಲ. ಹೌದಿಲ್ಲೋ?"

"ಹೌದು," ಅಂದಳು ಶಿವಗಂಗಾ.

ಸಂಜೆಯೊಳಗೆ ಆಕೆಯ ಬಾಗಿಲಿಗೆ ಖಾಲಿ ಕ್ಯಾನುಗಳು ಬಂದು ಕೂತವು. ಉತ್ಕರ್ಷ ಕೂಗಾಡಿದ. ಆಕೆ ಎಲ್ಲ ಟೆಂಪೋಗೆ ಏರಿಸಿದಳು, ಒಂದನ್ನು ಬಿಟ್ಟು. ಈಗ ಒಂದು ಮೆಸ್ಸಿನಲ್ಲಿ ಚಪಾತಿ ಲಟ್ಟಿಸುತ್ತಾಳೆ.

ಓಣಿಯ ಸುದ್ದಿ ಸಂಭಾಜಿನಗರ ಮುಟ್ಟಲು ತಡವಾಗಲಿಲ್ಲ. ಯಮನವ್ವ ನನಗೆ ಫೋನು ಮಾಡಿದಳು. ರೇಷ್ಮಾ ಏನಂದಳು ಅಂತ ಕೇಳಿದೆ.

"ಏನೂ ಅನ್ನಲಿಲ್ಲ ನಮ್ಮವ್ವಾ. ಕೊಡ ತಗೊಂಡು ನೀರಿಗಿ ಹೋದ್ಳು."

ಅದನ್ನು ಶಿವಗಂಗಾಗೆ ಹೇಳಿದೆ. ಹಿಟ್ಟಿನ ಕೈ ಹಾಗೇ ಹಿಡಿದು ಕೇಳಿಸಿಕೊಂಡಳು. "ಉಡಿ ತುಂಬಿಸ್ಕೋತೀನಿ ಅಂದ್ಳಂತಾ?"

"ಅದು ಹೇಳಲಿಲ್ಲ."

ಆ ಕಾಯಿ ಇನ್ನೂ ಆಕೆಯ ಗೋಡೆಯ ಮಾಡದಲ್ಲಿ ಇದೆ. ಒಳಗಿನ ನೀರು ಬತ್ತಿ ಗಿಟುಕಾಗಿದೆ. ಒಡೆದು ಪಲ್ಯಕ್ಕೆ ಹಾಕು ಅಂತ ಶಾಂತಕುಮಾರ ಅಂದರೆ, "ಅದು ಬ್ಯಾರೇದೋರದು," ಅನ್ನುತ್ತಾಳೆ.