ಕೆಂಡಕ್ಕೆ ಹಿಡಿದ ಕೋಲು

ಮೊನ್ನೆ ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ. ಮದುವೆಮನೆಗೆ ಕೊಡಬೇಕಾದ ರವಿಕೆಗಳು ಹೊಲಿದು ಮುಗಿದಿದ್ದವು, ಇಸ್ತ್ರಿಯಷ್ಟೇ ಬಾಕಿ. ಮಂಚದ ಕೆಳಗಿಂದ ಹಳೆಯ ಕೆಂಡದ ಇಸ್ತ್ರಿಪೆಟ್ಟಿಗೆ ಎಳೆದು, ಹಿತ್ತಲಲ್ಲಿ ತೆಂಗಿನ ಕರಟ ಒಟ್ಟಿ ಬೆಂಕಿ ಹಚ್ಚಿದೆ. ಕರಟದ ಹೊಗೆಗೆ ಅದರದೇ ಒಂದು ವಾಸನೆ. ಸೌದೆಯದಲ್ಲ, ಇದ್ದಿಲಿನದೂ ಅಲ್ಲ. ಎಣ್ಣೆ ಸುಟ್ಟ ಹಾಗೆ, ಸ್ವಲ್ಪ ಸಿಹಿ. ಪೆಟ್ಟಿಗೆಗೆ ಕೆಂಡ ತುಂಬುತ್ತಾ ತುಂಬುತ್ತಾ ಕೈ ತಾನಾಗಿಯೇ ನಾಲ್ಕು ಕೆಂಡ ಬೇರೆ ತೆಗೆದು ಪಕ್ಕಕ್ಕಿಟ್ಟಿತು. ಇಟ್ಟ ಮೇಲೆ, ಇದು ಯಾರಿಗೆ ಅಂತ ನೆನಪಾಯಿತು... ಆ ಕೆಂಡ ಒಯ್ಯುವವರು ಈಗಿಲ್ಲ.

ನಮ್ಮದು ಹೊಳೆನರಸೀಪುರದಲ್ಲಿ ಹೊಳೆಯ ಕಡೆ ಇಳಿಯುವ ಬೀದಿ. ಜೋಡಿಮನೆ. ಎರಡು ಅಡುಗೆಮನೆಗೂ ನಡುವೆ ಒಂದೇ ಗೋಡೆ. ಆ ಕಡೆಯ ಮನೆಯಲ್ಲಿದ್ದವರನ್ನು ಬೀದಿಯವರೆಲ್ಲ ಬ್ಯಾಂಡ್ ಮಾವ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮದುವೆಗಳಿಗೆ ಹೋಗುವ ಬ್ಯಾಂಡ್‌ಸೆಟ್ಟಿನಲ್ಲಿ ಅವರು ಡ್ರಮ್ಮು ಹೊಡೆಯುತ್ತಿದ್ದರು. ಕೆಂಪು ಕೋಟು, ಭುಜದ ಮೇಲೆ ಜರಿ ಗೊಂಡೆ, ಸೊಂಟದ ಎಡಕ್ಕೆ ಬೆಲ್ಟಿನಲ್ಲಿ ತೂಗುವ ಡ್ರಮ್ಮು, ಕೈಯಲ್ಲಿ ಎರಡು ಕೋಲು. ಸೆಟ್ಟಿನ ಉಳಿದವರೆಲ್ಲ ಪ್ಲಾಸ್ಟಿಕ್ ಹಾಳೆ ಬಿಗಿದ ಡ್ರಮ್ಮಿಗೆ ಬದಲಾಯಿಸಿಕೊಂಡರೂ ಇವರು ಮಾತ್ರ ತೊಗಲಿನದನ್ನು ಬಿಡಲಿಲ್ಲ. ತೊಗಲಿಗೆ ಮಳೆಗಾಲ ಆಗುವುದಿಲ್ಲ. ಥಂಡಿಗೆ ಸಡಿಲವಾಗಿ ಗೊಗ್ಗರು ದನಿ ಬರುತ್ತದೆ, ಏಟಿಗೂ ಸದ್ದಿಗೂ ನಡುವೆ ಸೋಮಾರಿತನ ಬಂದುಬಿಡುತ್ತದೆ. ಅದಕ್ಕೇ ಮನೆ ಬಿಡುವ ಮೊದಲು ಬೆಂಕಿಗೆ ಹಿಡಿದು ಕಾಯಿಸಬೇಕು. ಗ್ಯಾಸ್ ಒಲೆ ಇದಕ್ಕೆ ಒಗ್ಗುವುದಿಲ್ಲವಂತೆ, ಉರಿ ಒಂದೇ ಕಡೆ ತಾಗಿ ತೊಗಲು ಸೀಯುತ್ತದಂತೆ. ನನ್ನ ಇಸ್ತ್ರಿಪೆಟ್ಟಿಗೆಯ ಕರಟದ ಕೆಂಡವೇ ಆಗಬೇಕು. ಬಾಂಡ್ಲಿ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತು, "ನಾಕು ಕೆಂಡ ಕೊಡವ್ವ, ಇವಳಿಗೆ ನೆಗಡಿ ಆಗೈತೆ" ಅನ್ನುತ್ತಿದ್ದರು. ಇವಳು ಅಂದರೆ ಡ್ರಮ್ಮು. ಅವರ ಹೆಂಡತಿ ಬದುಕಿದ್ದಾಗ, "ನಂಗೆ ಜ್ವರ ಬಂದ್ರೆ ಒಂದು ಲೋಟ ಬಿಸಿನೀರು ಕಾಯ್ಸಿದ್ದು ಕಾಣೆ" ಎಂದು ತಮ್ಮ ಅಡುಗೆಮನೆಯೊಳಗಿಂದಲೇ ಅನ್ನುತ್ತಿದ್ದರು. ಆಕೆ ಹೋದ ಮೇಲೆ ಆ ಮಾತಿಗೆ ಜಾಗ ಖಾಲಿಯಾಗಿಯೇ ಉಳಿಯಿತು. ಮಾವ ಕೆಂಡ ಕೇಳಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು, ಒಳಗಿಂದ ಏನೋ ಬರುತ್ತದೆ ಅನ್ನುವ ಹಾಗೆ.

ನನ್ನದೂ ಹೆಚ್ಚು ಮಾತಿಲ್ಲದ ಮನೆಯೇ. ನಮ್ಮ ಮನೆಯವರು ಬಸ್ ಡ್ರೈವರು. ಸಂಜೆ ಗಾಡಿ ತಗೊಂಡು ಹೋದರೆ ಯಾವುದೋ ಹಳ್ಳಿಯಲ್ಲಿ ರಾತ್ರಿ ಹಾಲ್ಟು, ಮನೆಗೆ ಬರುವಾಗ ಬಿಸಿಲೇರಿರುತ್ತಿತ್ತು. ಮಗಳನ್ನು ನುಗ್ಗೇಹಳ್ಳಿಗೆ ಕೊಟ್ಟಾಗಿತ್ತು. ಗಂಡ ಬರುವ ಹೊತ್ತಿಗೆ ರೊಟ್ಟಿ ಆಗಿರಲಿ ಅಂತ ಬೆಳಕು ಹರಿಯುತ್ತಲೇ ಮಣೆಯ ಮೇಲೆ ಬಾಳೆಎಲೆ ಹಾಸಿ ಅಕ್ಕಿರೊಟ್ಟಿ ತಟ್ಟುವುದು ನನ್ನ ದಿನದ ಮೊದಲ ಕೆಲಸ. ಆ ಮಣೆ ನಡುಗೋಡೆಗೆ ಒತ್ತಿಕೊಂಡಿದ್ದ ಕಲ್ಲುಚಪ್ಪಡಿಯ ಮೇಲಿರುತ್ತಿತ್ತು.

ಕೊರೊನಾ ಬರುವುದಕ್ಕೆ ಸ್ವಲ್ಪ ಮೊದಲು ಮಾವ ಶಾಂತಿಗ್ರಾಮದ ಮದುವೆಯೊಂದರಿಂದ ವಾಪಸು ಬರುವಾಗ ಬಸ್ಸಿನ ಮೆಟ್ಟಿಲಿಂದ ಜಾರಿದರು. ಬಲಭುಜದ ಮೂಳೆ ಮುರಿಯಿತು. ಕೂಡಿಕೊಂಡಿತು, ಆದರೆ ಕೂಡಿಕೊಂಡ ರೀತಿ ಸರಿಯಿರಲಿಲ್ಲ. ಕೈ ಬೀಸಬಹುದು, ಏನಕ್ಕಾದರೂ ಬಡಿದರೆ ಏಟು ಭುಜಕ್ಕೆ ಹೊಡೆಯುತ್ತದೆ. ಬಾಗಿಲು ತಟ್ಟುವುದಕ್ಕೂ ಎಡಗೈಯೇ. ಡ್ರಮ್ಮನ್ನು ಮೊಳೆಗೆ ನೇತುಹಾಕಿದರು. ಬಿಸಿ ಕಾಣದ ತೊಗಲು ಎರಡು ಮಳೆಗಾಲ ಕುಡಿದು, ಬೂಷ್ಟು ಹಿಡಿದು, ಒಂದು ದಿನ ತಾನೇ ಸೀಳಿಕೊಂಡಿತು. ಕೆಂಡ ಕೇಳುವವರಿಲ್ಲ. ನಾನೂ ಕರೆಂಟಿನ ಇಸ್ತ್ರಿಪೆಟ್ಟಿಗೆ ತಗೊಂಡೆ. ಗೋಡೆಯಾಚೆ ಟೀವಿಯ ಸದ್ದು ಬಿಟ್ಟರೆ ಮತ್ತೇನೂ ಇರಲಿಲ್ಲ.

ಆ ಕೋಲುಗಳು ಬಂದದ್ದು ಅದಾದ ಮೇಲೆ. ಹಾಸನದ ಆರ್ಕೆಸ್ಟ್ರಾವೊಂದರಲ್ಲಿ ರಿದಮ್ ಪ್ಯಾಡ್ ನುಡಿಸುವ ಒಬ್ಬಾತ ಹಿಂದೆ ಮಾವನ ಹತ್ತಿರವೇ ಕೋಲು ಹಿಡಿಯಲು ಕಲಿತಿದ್ದ. ಗುರುಗಳ ಸ್ಥಿತಿ ಕೇಳಿ ನೋಡಲು ಬಂದವನು ಒಂದು ಉದ್ದ ಡಬ್ಬ ತಂದುಕೊಟ್ಟ. ಒಳಗೆ ಕಪ್ಪು ಬಣ್ಣದ ಎರಡು ಕೋಲು. ನೋಡಲು ಡ್ರಮ್ಮಿನ ಕೋಲಿನ ಹಾಗೇ, ಹಿಡಿಯ ಹತ್ತಿರ ಒಂದು ನೀಲಿ ದೀಪ. ಫೋನಿನ ಹಾಗೆ ಚಾರ್ಜಿಗೆ ಹಾಕಬೇಕು, ಫೋನಿಗೇ ಕೂಡಿಸಬೇಕು. ಆಮೇಲೆ ಡ್ರಮ್ಮು ಬೇಡ, ತೊಗಲು ಬೇಡ, ಏನೂ ಬೇಡ. ಗಾಳಿಯಲ್ಲಿ ಬೀಸಿದರೆ ಸಾಕು, ಫೋನಿನೊಳಗಿಂದ ಸದ್ದು. ಕೆಳಕ್ಕೆ ಬೀಸಿದರೆ ಡ್ರಮ್ಮು, ಬದಿಗೆ ಬೀಸಿದರೆ ಕಂಚಿನ ತಟ್ಟೆ ಬಡಿದ ಹಾಗೆ. ಬಡಿಯುವುದಕ್ಕೆ ಏನೂ ಇಲ್ಲವಲ್ಲ, ಹಾಗಾಗಿ ಭುಜಕ್ಕೆ ಏಟೂ ಇಲ್ಲ. ಯೋಚಿಸಿಯೇ ತಂದಿದ್ದ.

ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಜಗಲಿಯ ಮೇಲೆ ಕೂತು ಮಾವ ಗಾಳಿಗೆ ಹೊಡೆಯತೊಡಗಿದರು. ಬೀದಿಯವರಿಗೆ ಕಾಣುತ್ತಿದ್ದದ್ದು, ಮುದುಕರೊಬ್ಬರು ಸದ್ದಿಲ್ಲದೆ ಕೈ ಆಡಿಸುವುದು ಮಾತ್ರ. ನಲ್ಲಿಯ ಹತ್ತಿರ ಹೆಂಗಸರು, "ಬ್ಯಾಂಡ್ ಮಾವ ಸೊಳ್ಳೆ ಒಡೀತಾವ್ರೆ, ನಮ್ಮನೇಗೂ ಕಳ್ಸು" ಎಂದು ನನ್ನನ್ನು ರೇಗಿಸಿದರು. ಮಾವನಿಗೂ ಕೇಳಿಸಿತು. "ನಿಮ್ಮನೇವು ದೊಡ್ಡವು, ದೊಣ್ಣೆ ಬೇಕಾಯ್ತದೆ" ಅಂದರು. ಎಲ್ಲರೂ ನಕ್ಕರು. ಆದರೆ ಆ ಮೇಲೆ ಜಗಲಿಗೆ ಬರುವುದನ್ನು ಬಿಟ್ಟು ಅಡುಗೆಮನೆಯಲ್ಲಿ ಕೂರತೊಡಗಿದರು.

ಒಂದು ದಿನ ನನ್ನನ್ನು ಕರೆದು ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗೆ ಕೊಟ್ಟರು. ನಿಜಕ್ಕೂ ಡ್ರಮ್ಮೇ! ಹೆಣ್ಣಿನ ಮನೆಯವರನ್ನು ಎದುರುಗೊಳ್ಳುವಾಗಿನ ಆ ಉರುಳು ಉರುಳು ಏಟು, ನನ್ನ ಕಿವಿಯೊಳಗೆ ಮಾತ್ರ. ಚೆನ್ನಾಗಿದೆ ಮಾವ ಅಂದೆ. ಅವರು ಕೋಲನ್ನು ತೊಡೆಯ ಮೇಲಿಟ್ಟುಕೊಂಡರು.

"ತೊಗಲು ಕೋಲನ್ನ ವಾಪಸ್ ಕೊಡ್ತದೆ ಕಣವ್ವ. ಗಾಳಿ ಇಸ್ಕೊಂಡು ಸುಮ್ಕಾಗ್ಬುಡ್ತದೆ."

ಇನ್ನೊಂದು ದೂರೂ ಇತ್ತು. ಬೀಸುವುದಕ್ಕೂ ಸದ್ದು ಬರುವುದಕ್ಕೂ ನಡುವೆ ಕೂದಲೆಳೆಯಷ್ಟು ಬಿಡುವು. ನನಗೆ ತಿಳಿಯುತ್ತಿರಲಿಲ್ಲ, ಅವರಿಗೆ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ.

ಗಣಪತಿ ಹಬ್ಬ ಹತ್ತಿರ ಬಂದಾಗ ಶಿಷ್ಯ ಫೋನು ಮಾಡಿದ. ಚನ್ನರಾಯಪಟ್ಟಣದಲ್ಲಿ ಅವರ ಆರ್ಕೆಸ್ಟ್ರಾ ಇದೆ, ಶುರುವಿನಲ್ಲಿ ಗುರುಗಳು ಆ ಕೋಲಿನಲ್ಲಿ ಒಬ್ಬರೇ ನುಡಿಸಬೇಕು, ಫೋನಿನ ಸದ್ದನ್ನು ದೊಡ್ಡ ಸ್ಪೀಕರಿಗೆ ಕೊಡುತ್ತೇವೆ ಅಂದನಂತೆ. ಮಾವ ಅದನ್ನು ನನಗೆ ಹೇಳಲು ಹಿತ್ತಲ ಬಾಗಿಲಿಗೆ ಬಂದಾಗ ಮುಖವೇ ಬೇರೆಯಾಗಿತ್ತು. "ಇಷ್ಟು ದಿನ ನನ್ ಕಿವೀಗೊಬ್ಬಂಗೇ ಆಯ್ತಲ್ಲವ್ವ. ಒಂದು ಸಲ ನಾಕು ಜನಕ್ಕೆ ಕೇಳ್ಬೇಕು, ಆಮೇಕೆ ಸಾಕು" ಅಂದರು. ಕೆಂಪು ಕೋಟು ತಂದುಕೊಟ್ಟರು. ತುಂಬ ಸಡಿಲವಾಗಿತ್ತು, ಎರಡೂ ಬದಿ ಹಿಡಿದು ಹೊಲಿದೆ. ಗೊಂಡೆಯ ಜರಿ ಕಪ್ಪಾಗಿತ್ತು. ಸೀರೆ ಅಂಚಿನ ಜರಿ ಬಿಚ್ಚಿ ಹೊಸದು ಕಟ್ಟಿದೆ.

ಹೊರಡುವ ಮುಂಚಿನ ದಿನ ಜಡಿಮಳೆ. ಬೆಳಿಗ್ಗೆ ನಾನು ಹಿತ್ತಲಲ್ಲಿ ಬಚ್ಚಲೊಲೆಗೆ ಕರಟ ತುರುಕುತ್ತಿದ್ದೆ. ಮಾವ ಬಾಂಡ್ಲಿ ಹಿಡಿದು ಬಂದರು, ವರ್ಷಗಳ ಮೇಲೆ. "ನಾಕು ಕೆಂಡ ಕೊಡವ್ವ." ನನಗೆ ಎಷ್ಟು ಹಿಗ್ಗಾಯಿತೆಂದರೆ, ಡ್ರಮ್ಮು ಸೀಳಿಹೋಗಿದೆ, ಇನ್ನು ಕಾಯಿಸುವುದೇನನ್ನು ಅಂತ ಹೊಳೆಯಲೇ ಇಲ್ಲ. ಹಿಂದಿನ ಹಾಗೇ ಇಕ್ಕಳದಲ್ಲಿ ತೆಗೆದು ಬಾಂಡ್ಲಿಗೆ ಹಾಕಿದೆ. ಅವರೂ ಹಿಂದಿನ ಹಾಗೇ ಅದಕ್ಕೆ ಬಾಯಿಂದ ಊದುತ್ತಾ ಹೋದರು.

ಸ್ವಲ್ಪ ಹೊತ್ತಿಗೆ ಕರಟದ ಹೊಗೆಯ ಜೊತೆ ಬೇರೊಂದು ವಾಸನೆ ಬಂತು. ಪ್ಲಾಸ್ಟಿಕ್ ಬಳೆ ಸುಟ್ಟ ಹಾಗೆ. ಮಾವ ಮತ್ತೆ ಬಂದು ನಿಂತರು. ಬಾಂಡ್ಲಿಯ ಬದಲು ಕೈಯಲ್ಲಿ ಬಲಗೈಯ ಕೋಲು. ತುದಿ ಹಲಸಿನ ಬೀಜದಂತೆ ಊದಿಕೊಂಡು ಒಂದು ಕಡೆ ವಾಲಿತ್ತು. ನೀಲಿ ದೀಪ ಆರಿತ್ತು.

"ಮಾತಾಡ್ತಿಲ್ಲ ಕಣವ್ವ" ಅಂದರು.

"ಬೆಂಕಿಗೆ ಹಿಡಿದ್ರಾ ಮಾವ?"

"ಮಳೆ ಅಲ್ವಾ. ಬೆಳಿಗ್ಗೆಯಿಂದ ಸದ್ದು ತಡ್ವಾಗಿ ಇಂದಿಂದೆ ಬತ್ತಿತ್ತು. ಸಡ್ಲ ಆಗೈತೆ ಅಂತ ವಸಿ ಕಾಯ್ಸ್ದೆ."

"ಅದ್ರಲ್ಲಿ ತೊಗಲೆಲ್ಲಿದೆ?"

ಮಳೆ ನೀರು ಸೂರಿನಿಂದ ಅವರ ಬೆನ್ನಿಗೇ ಸುರಿಯುತ್ತಿತ್ತು. ಒಳಗೆ ಬನ್ನಿ ಅಂದರೂ ಬರಲಿಲ್ಲ. ಕೋಲನ್ನು ಹೊರಳಿಸಿ ಹೊರಳಿಸಿ ನೋಡಿ, "ಇಲ್ಲ ಅಂತ ಗೊತ್ತು ಕಣವ್ವ. ಕೈಗೆ ಗೊತ್ತಾಗ್ಲಿಲ್ಲ" ಅಂದರು.

ಶಿಷ್ಯನಿಗೆ ಫೋನು ಮಾಡಿದರು. ಅಂಥ ಕೋಲು ಒಂದೇ ದಿನದಲ್ಲಿ ಹಾಸನದಲ್ಲಿ ಸಿಗುವಂಥದ್ದಲ್ಲ, ಪರವಾಗಿಲ್ಲ, ನೀವು ಬನ್ನಿ ಸಾಕು ಅಂದನಂತೆ. ಮರುದಿನ ಮಾವ ಕೆಂಪು ಕೋಟು ತೊಟ್ಟು, ಉಳಿದ ಎಡಗೈಯ ಕೋಲನ್ನು ಒಳಜೇಬಿಗಿಟ್ಟುಕೊಂಡು ಬಸ್ಸು ಹತ್ತಿದರು. ಅದರ ಮಾರನೆಯ ಬೆಳಿಗ್ಗೆ ನಾನು ಕಾಫಿ ತಗೊಂಡು ಹೋದಾಗ ಕೋಟಿನಲ್ಲೇ ಕೂತಿದ್ದರು. ಹೇಗಾಯಿತು ಅಂದೆ. ವೇದಿಕೆ ಮೇಲೆ ಕುರ್ಚಿ ಹಾಕಿ ಕೂರಿಸಿದರಂತೆ, ಶಾಲು ಹೊದಿಸಿದರಂತೆ, ಹಾರ ಹಾಕಿದರಂತೆ, ಕೈ ಮುಗಿದರಂತೆ. ಆಮೇಲೆ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಕಾರ್ಯಕ್ರಮ ಶುರು ಮಾಡಿದರಂತೆ.

"ಕೋಲು ಜೇಬಲ್ಲೇ ಇತ್ತು. ಯಾರೂ ಕೇಳ್ನಿಲ್ಲ. ನಾನೂ ತೆಗೀನಿಲ್ಲ" ಅಂದು ಶಾಲನ್ನು ನನ್ನ ಕೈಗಿಟ್ಟರು. "ಇದ್ರಲ್ಲಿ ಏನಾರ ಒಲಿಯವ್ವ, ದಿಂಬಿಗಾದ್ರೂ ಆಗ್ಲಿ."

ಅದಾದ ಮೇಲೆ ಬಹಳ ದಿನ ಆ ಕಡೆಯಿಂದ ಸದ್ದಿಲ್ಲ. ಟೀವಿಯೂ ಇಲ್ಲ. ಹಬ್ಬ ಕಳೆದು ಚಳಿ ಶುರುವಾದಾಗ, ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ. ತಪ್, ತಪ್, ತಪ್. ಗೋಡೆಯಾಚೆಯಿಂದ 'ಟಣ್' ಅಂತ ಒಂದು ಏಟು. ನನ್ನ ಕೈ ನಿಂತಿತು. ಅದೂ ನಿಂತಿತು. ಮತ್ತೆ ತಟ್ಟಿದೆ. ಎರಡು ತಟ್ಟಿನ ನಡುವಿನ ಸಂದಿಯಲ್ಲಿ ಸರಿಯಾಗಿ ಬಂದು ಕೂತಿತು. ಮಾವ ಇಯರ್‌ಫೋನ್ ಕಿತ್ತಿಟ್ಟು ಫೋನಿನ ಸದ್ದನ್ನು ಹೊರಕ್ಕೆ ಬಿಟ್ಟಿದ್ದರು. ಉಳಿದದ್ದು ಎಡಗೈಯ ಕೋಲೊಂದೇ. ಡ್ರಮ್ಮಿಗೆ ಎರಡು ಕೈ ಬೇಕು, ಉರುಳು ಏಟು ಒಂದರಲ್ಲಿ ಆಗುವುದಿಲ್ಲ. ಬಲಗೈಯ ಏಟನ್ನು ನನ್ನ ಮಣೆಯಿಂದ ತಗೊಳ್ಳುತ್ತಿದ್ದರು.

ಆ ಚಳಿಗಾಲ ಪೂರ್ತಿ ಹಾಗೇ ನಡೆಯಿತು. ನಾನು ನಿಧಾನ ಮಾಡಿದರೆ ಅವರೂ ನಿಧಾನ. ನಾನು ಜೋರು ಮಾಡಿದರೆ ಅಟ್ಟಿಸಿಕೊಂಡು ಬರುವರು. ಕೂದಲೆಳೆಯ ಬಿಡುವಿನ ದೂರು ಏನಾಯಿತೋ, ಮೊದಲೇ ಬೀಸಿ ಹೊಂದಿಸಿಕೊಳ್ಳುತ್ತಿದ್ದರೋ ಏನೋ... ಎದುರಾಎದುರು ಸಿಕ್ಕಾಗ ಅವರೂ ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಿದ್ದರೆ ನಾಚಿಕೆಯಾಗಿ ನಿಂತುಹೋಗುತ್ತಿತ್ತೇನೋ. ಹಿಟ್ಟು ಮುಗಿದರೆ ಆಟವೂ ಮುಗಿಯಿತಲ್ಲ, ಅದಕ್ಕೇ ದಿನಾ ಒಂದು ಹಿಡಿ ಹಿಟ್ಟು ಜಾಸ್ತಿ ಕಲಸುತ್ತಿದ್ದೆ. ನಮ್ಮ ಮನೆಯವರು ಬಂದು ಡಬ್ಬ ತೆಗೆದು, "ಯಾರಿಗೆ ಇಷ್ಟೊಂದು ಮಾಡಿದೀಯ, ಛತ್ರ ನಡೆಸ್ತೀಯಾ?" ಎಂದು ಕೇಳುತ್ತಿದ್ದರು. ಉಳಿದದ್ದನ್ನು ಆ ಕಡೆ ಕೊಟ್ಟುಬರುತ್ತಿದ್ದೆ. ಮಾವ ತಿಂದು, ತಟ್ಟೆ ತೊಳೆದು ಕೊಡುವರು. ಅಷ್ಟೇ.

ಯುಗಾದಿ ಕಳೆದ ಮೇಲೆ ಅವರ ಮಗಳು ಅರಕಲಗೂಡಿನಿಂದ ಬಂದು ಕರೆದುಕೊಂಡು ಹೋದಳು. ಒಬ್ಬರೇ ಇರುವುದು ಬೇಡ ಅಂದಳು, ಸರಿಯೇ. ಒಳ್ಳೆಯ ಹುಡುಗಿ. ಹೊರಡುವಾಗ ಮಾವ ಬಾಂಡ್ಲಿಯನ್ನು ನನ್ನ ಹಿತ್ತಲಲ್ಲಿ ಬೋರಲು ಹಾಕಿ, "ಇದು ಇಲ್ಲೇ ಇರ್ಲಿ, ಅಲ್ಲಿ ಕೆಂಡ ಕೊಡೋರು ಯಾರು" ಅಂದರು. ಬತ್ತೀನಿ ಕಣವ್ವ ಅಂದರು. ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು. ಸುದ್ದಿ ನನಗೆ ತಡವಾಗಿ ಬಂತು. ನಾನು ಅರಕಲಗೂಡಿಗೆ ಹೋದಾಗ ತಿಥಿಯೂ ಮುಗಿದಿತ್ತು. ಮಗಳು ಆ ಉದ್ದ ಡಬ್ಬ ತಂದು ಕೊಟ್ಟಳು. "ರೊಟ್ಟಿ ಅವ್ವಂಗೆ ಕೊಡು ಅಂದಿದ್ರು ಅಪ್ಪ. ನೀವೇ ತಾನೇ?" ಎಂದು ಕೇಳಿದಳು. ನಾನೇ ಅಂದೆ. ಇಲ್ಲಿ ಹೇಗಿದ್ದರು ಅಂದದ್ದಕ್ಕೆ, ಬೆಳಿಗ್ಗೆ ಬೇಗ ಎದ್ದು ಕೋಲು ಹಿಡಿದು ಅಡುಗೆಮನೆಯ ಗೋಡೆಗೆ ಒರಗಿ ಕೂರುತ್ತಿದ್ದರು, ಹೊಡೆಯುತ್ತಿರಲಿಲ್ಲ ಅಂದಳು. ಮಾವನ ಫೋನನ್ನು ಮಗಳ ಮನೆಯವರು ಅಂಗಡಿಗೆ ಕೊಟ್ಟು ಹೊಸದು ತಗೊಂಡಿದ್ದರು.

ಮೊನ್ನೆ ರವಿಕೆಗಳ ಇಸ್ತ್ರಿ ಮುಗಿಸಿ, ಕರೆಂಟು ಬಂದ ಮೇಲೆ ಆ ಡಬ್ಬ ಇಳಿಸಿದೆ. ಬಲಗೈಯ ಕೋಲು ಹಾಗೇ ಊದಿಕೊಂಡಿದೆ. ಎಡಗೈಯದನ್ನು ಚಾರ್ಜಿಗೆ ಹಾಕಿದರೆ ನೀಲಿ ದೀಪ ಹತ್ತಿತು. ಹತ್ತಿ ಆರಿ, ಹತ್ತಿ ಆರಿ... ಜೊತೆಯ ಫೋನು ಸಿಗುವ ತನಕ ಹಾಗೇ ಮಿನುಗುತ್ತದೆ ಎಂದು ಮಾವ ಒಮ್ಮೆ ಹೇಳಿದ್ದರು. ನನ್ನ ಫೋನಿಗೆ ಕೂಡಿಸಬಹುದೇನೋ. ನನ್ನ ಮಗಳನ್ನು ಕೇಳಿದರೆ ಮಾಡಿಕೊಡುತ್ತಾಳೆ. ಕೇಳಲಿಲ್ಲ. ಒಂದು ಸಲ ಗಾಳಿಯಲ್ಲಿ ಬೀಸಿ ನೋಡಿದೆ. ಅವರು ಹೇಳಿದ್ದು ನಿಜ, ಗಾಳಿ ಏನನ್ನೂ ವಾಪಸು ಕೊಡುವುದಿಲ್ಲ.

ಆ ಕಡೆಯ ಮನೆ ಈಗ ಕೊಬ್ಬರಿ ತುಂಬುವ ಗೋಡೌನು. ನಮ್ಮ ಮನೆಯವರು ರಿಟೈರಾಗಿ ಬೆಳಿಗ್ಗೆ ಮನೆಯಲ್ಲೇ ಇರುತ್ತಾರೆ, ಒಲೆಯ ಹತ್ತಿರ ಮಣೆ ಹಾಕಿಕೊಂಡು ಬಿಸಿ ರೊಟ್ಟಿಗೆ ಕಾಯುತ್ತಾರೆ. ಇವತ್ತು, "ಅದ್ಯಾಕೆ ಒಂದು ಸಲ ತಟ್ಟಿ ಒಂದು ಗಳಿಗೆ ನಿಲ್ತೀಯ? ರೊಟ್ಟಿ ಆಗೋದ್ಯಾವಾಗ?" ಅಂದರು.

ನಿಲ್ಲುತ್ತಿದ್ದೇನೆಂದು ನನಗೆ ಗೊತ್ತೇ ಇರಲಿಲ್ಲ. ಕೈ ನೋಯ್ತದೆ ಅಂದೆ.